ಕಾರ್ಡಿಗೆ ಹಚ್ಚಿದ ಕುಂಕುಮ

ಅಪ್ಪ ಫಿಲಂ ರೋಲಿನ ಡಬ್ಬಿಗಳನ್ನು ಎಸೆದವರಲ್ಲ. ಕಪ್ಪು ಮೈ, ಬೂದು ಮುಚ್ಚಳದ ಆ ಪುಟ್ಟ ಡಬ್ಬಿಗಳಲ್ಲಿ ಅಮ್ಮ ಏಲಕ್ಕಿ ಇಟ್ಟಳು, ಅಜ್ಜಿ ನಶ್ಯ ಇಟ್ಟಳು, ನಾನು ಮಾವಿನಕಾಯಿಗೆಂದು ಉಪ್ಪು ಖಾರ ತುಂಬಿಕೊಂಡು ಶಾಲೆಗೆ ಹೋದೆ. ಈಗ ಅವುಗಳಲ್ಲಿ ನನ್ನ ಮೆಮೊರಿ ಕಾರ್ಡುಗಳಿವೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಒಂದು ಕಾರ್ಡು ನೆಟ್ಟಗೆ ಕೂರುತ್ತದೆ. ಜೊತೆಗೆ ಮಾತ್ರೆ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಪುಟ್ಟ ಪೊಟ್ಟಣ, ಅದೊಂದು. ಮುಚ್ಚಳ ತೆಗೆದರೆ ಇವತ್ತಿಗೂ ರೋಲಿನ ಹುಳಿ ವಾಸನೆ ಬರುತ್ತದೆ ಅನ್ನಿಸುತ್ತದೆ. ಇಷ್ಟು ವರ್ಷವಾದ ಮೇಲೆ ಬರಲಿಕ್ಕಿಲ್ಲ. ಆದರೂ ಮೂಸುತ್ತೇನೆ.

ಎತ್ತಿನಗಾಡಿ ಓಟದ ಸಮಿತಿಯ ಯಜಮಾನರು ಬಂದಾಗ ನಾನು ಆ ಡಬ್ಬಿಗಳನ್ನೇ ಒರೆಸುತ್ತಾ ಕೂತಿದ್ದೆ. ಮದ್ದೂರಿನ ಪೇಟೆ ಬೀದಿಯ ಈ ಸ್ಟುಡಿಯೋ ಅಪ್ಪನದು. ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಯಜಮಾನರ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆಯ ಏರಿಗೆ ಅಂಟಿಕೊಂಡಿರುವ ಊರು. ಅವರು ಬೆಂಚಿನ ಮೇಲೆ ಕೂತು, ಗೋಡೆಯ ಮೇಲಿದ್ದ ಅಪ್ಪನ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದರು.

"ನಿಮ್ಮಪ್ಪ ಇರೋಗಂಟ ಗೆರೆ ತಾವ ಅವ್ರೇ ನಿಂತ್ಕೋತಿದ್ರು ಕಣವ್ವ. ಅವ್ರ ಪೋಟೊ ಬಂದ್ಮೇಲೆ ಒಬ್ರೂ ಪಿಟಿಕ್ ಅಂತಿರ್ಲಿಲ್ಲ. ಈಗ ನೋಡು, ಒಬ್ಬೊಬ್ಬನ ಪೋನಲ್ಲಿ ಒಬ್ಬೊಬ್ಬ ಗೆಲ್ತಾನೆ. ಓದ್ಸಲ ಎಲ್ರೂ ಒಡೆದಾಡ್ಕಂಡ್ರು. ಈ ಸಲ ನೀನೇ ಬಂದು ನಿಂತ್ಕೊ."

ಆ ಊರಿನ ಓಟದಲ್ಲಿ ಎರಡು ಗಾಡಿ ಅಕ್ಕಪಕ್ಕದ ಎರಡು ಹಾದಿಯಲ್ಲಿ ಓಡುತ್ತವೆ. ಕೊನೆಯಲ್ಲಿ ನೆಲದ ಮೇಲೆ ಸುಣ್ಣದ ಗೆರೆ. ಮೂತಿ ಮುಂದಿದ್ದರೆ ಸಾಲದು, ಯಾರ ಎತ್ತಿನ ಮುಂಗಾಲು ಮೊದಲು ಗೆರೆಯಾಚೆ ಬೀಳುತ್ತದೋ ಅವರದು ಗೆಲುವು. ಅಪ್ಪ ಅಲ್ಲಿ ಮೊಣಕಾಲೂರಿ ಕೂತು, ಉಸಿರು ಹಿಡಿದು, ಒಂದೇ ಒಂದು ಸಲ ಒತ್ತುತ್ತಿದ್ದರು. ರೋಲಿನಲ್ಲಿ ಇರುವುದೇ ಮೂವತ್ತಾರು, ಸುಮ್ಮನೆ ಕಳೆಯುವಂತಿರಲಿಲ್ಲ. ಆ ಒಂದರಲ್ಲಿ ಕಾಲು, ಗೆರೆ, ಧೂಳು ಎಲ್ಲ ಇರುತ್ತಿತ್ತು. ನನಗೆ ಆ ಕೈ ಬಂದಿಲ್ಲ. ನಾನು ಒತ್ತಿ ಹಿಡಿದು ಸಾಲಾಗಿ ತೆಗೆಯುವವಳು, ನನ್ನ ಕಾಲದವರೆಲ್ಲ ಹಾಗೆಯೇ. ಹಾಗಾಗಿ ನನ್ನ ಧೈರ್ಯವೆಲ್ಲ ಕಾರ್ಡಿನ ಮೇಲೆ.

ಯಜಮಾನರು ಹೋದ ಮೇಲೆ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡೆ. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಿಂದ ಬರುವವರಿಗೆ ಭತ್ತದ ತೆನೆ, ಎಲೆಯ ಚುಕ್ಕೆ ತೆಗೆದುಕೊಡುವಾಗ ಯಾವ ಕಾರ್ಡಾದರೂ ನಡೆಯುತ್ತದೆ. ತೆನೆ ಎಲ್ಲಿಗೂ ಓಡಿಹೋಗುವುದಿಲ್ಲ. ಎತ್ತು ಓಡುತ್ತದೆ. ಕ್ಯಾಮೆರಾ ತೆಗೆದ ಚಿತ್ರ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಮೊದಲು ಕ್ಯಾಮೆರಾದ ಒಳಗೇ ಒಂದು ಸಣ್ಣ ಜಾಗದಲ್ಲಿ ನಿಂತು, ಅಲ್ಲಿಂದ ಒಂದೊಂದಾಗಿ ಕಾರ್ಡಿಗೆ ಇಳಿಯುತ್ತದೆ. ಕಾರ್ಡು ನಿಧಾನದ್ದಾದರೆ ಆ ಜಾಗ ತುಂಬಿ, ಬಟನ್ನು ಎಷ್ಟು ಒತ್ತಿದರೂ ಕ್ಯಾಮೆರಾ ಸುಮ್ಮನೆ ಇರುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ತುಂಬಿದರೆ ಗಾಣ ನಿಲ್ಲಿಸಿ ಕಾಯಬೇಕಲ್ಲ, ಹಾಗೆ.

ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ವೇಗವನ್ನು ನಾನು ನಂಬುವುದಿಲ್ಲ. ಅದು ಕಾರ್ಡಿನಿಂದ ಓದುವ ವೇಗ, ಅಂಗಡಿಯವನು ತೋರಿಸುವುದು ಅದನ್ನೇ. ನಮಗೆ ಬೇಕಾದ್ದು ಬರೆಯುವ ವೇಗ. ಅದನ್ನು ಮೂಲೆಯಲ್ಲಿ ವಿ ಅಕ್ಷರದ ಪಕ್ಕ ಚಿಕ್ಕದಾಗಿ ಹಾಕಿರುತ್ತಾರೆ. ಮಂಡ್ಯದ ಪರಿಚಯದ ಅಂಗಡಿಯಿಂದ ತಂದರೂ ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ತುಂಬಿಸಿದ್ದು ಹಾಗೇ ವಾಪಸು ಬರುತ್ತದೆಯೇ ಎಂದು ನೋಡದೆ ಕೆಲಸಕ್ಕೆ ಒಯ್ಯುವುದಿಲ್ಲ. ನಕಲಿ ಕಾರ್ಡು ನೋಡಲು ಅಸಲಿಗಿಂತ ಚೆನ್ನಾಗಿರುತ್ತದೆ. ಆವತ್ತು ಪರೀಕ್ಷೆಯಲ್ಲಿ ಗೆದ್ದ ವೇಗದ ಕಾರ್ಡುಗಳು ನನ್ನ ಹತ್ತಿರ ಇದ್ದದ್ದು ಎರಡು. ಎರಡನ್ನೂ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಡಬ್ಬಿಗೆ ಹಾಕಿದೆ. ಒಂದು ಬೆಳಗಿನಿಂದ ನಡೆಯುವ ಓಟಗಳಿಗೆ. ಇನ್ನೊಂದು ಖಾಲಿಯಾಗಿ, ಮುಟ್ಟದೆ, ಕಡೆಯ ಓಟಕ್ಕೆ.

ಓಟದ ದಿನ ಬಿಸಿಲು ಚುರುಕಾಗಿತ್ತು. ಗೆರೆಯ ನೇರಕ್ಕೆ ನನಗೊಂದು ಮಂಚ ಹಾಕಿಕೊಟ್ಟಿದ್ದರು, ಆದರೆ ಜನ ಹಗ್ಗ ದಾಟಿ ಅಲ್ಲೇ ತುಂಬಿಕೊಂಡರು. ಎಷ್ಟು ಬೈದರೂ ಜಗ್ಗಲಿಲ್ಲ. ಕೊನೆಗೆ ಮಂಚವನ್ನೇ ಗೆರೆಯಿಂದ ಸ್ವಲ್ಪ ಮುಂದಕ್ಕೆ ಎಳೆಸಿಕೊಂಡೆ. ಇದರಿಂದ ಓರೆ ನೋಟ ಸಿಕ್ಕಿತು. ಓರೆಯಿಂದ ನೋಡಿದಾಗ ಯಾರ ಎತ್ತಿನ ಮೂತಿ ಮುಂದಿದೆ ಎಂದು ಹೇಳಲಾಗದು, ಆದರೆ ಕಾಲೂ ಗೆರೆಯೂ ಚೆನ್ನಾಗಿ ಕಾಣುತ್ತಿದ್ದವು. ನಿಯಮ ಇದ್ದದ್ದೇ ಕಾಲಿನ ಮೇಲಾದ್ದರಿಂದ ಅಷ್ಟು ಸಾಕು ಅಂದುಕೊಂಡೆ.

ಮೊದಲ ಕಾರ್ಡು ಬೆಳಗಿನಿಂದ ಒಂದು ಮಾತೂ ಆಡಿಸಿಕೊಳ್ಳದೆ ಕೆಲಸ ಮಾಡಿತು. ಕಡೆಯ ಓಟಕ್ಕೆ ಉಳಿದವು ಎರಡು ಜೋಡಿ. ಒಂದು ಬಸರಾಳಿನ ಕಡೆಯ ಯುವಕನದು, ಕೊಬ್ಬಿದ ಹೊಸ ಹೋರಿಗಳು. ಇನ್ನೊಂದು ಮಳವಳ್ಳಿ ಕಡೆಯ ಹಿರಿಯರೊಬ್ಬರದು. ತಲೆ ಪೂರಾ ಬೆಳ್ಳಗಾಗಿದ್ದರೂ ಗಾಡಿಯನ್ನು ತಾವೇ ಹೊಡೆಯುತ್ತಿದ್ದರು. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆದೆ. ಅವರ ಜೋಡಿಯಲ್ಲಿ ಎಡದೆತ್ತಿಗೆ ಮಾರ ಎಂದು ಹೆಸರು. ಮಾರನಿಗೂ ವಯಸ್ಸಾಗಿತ್ತು, ಕಣ್ಣಿನ ಕೆಳಗೆ ಗುಳಿ ಬಿದ್ದಿತ್ತು.

"ಇದೇ ಕೊನೆ ಕಣವ್ವ," ಎಂದರು ದೊಡ್ಡಪ್ಪ, ಮಾರನ ಕೊರಳಲ್ಲಿ ಜೋಲುವ ಗಂಗೆದೊಗಲು ಸವರುತ್ತಾ. "ಇನ್ ಮ್ಯಾಕೆ ಓಡ್ಸಲ್ಲ ಅಂತ ಬೆಳಗ್ಗೆ ಅವುನ್ ಕಿವೀಲಿ ಯೋಳಿವ್ನಿ. ಕೊಂಬಿಗೆ ಬೆಳ್ಳಿ ಕಳಸ ಆಕ್ಸಿ ಮನೆಗೆ ಕರ್ಕೊಂಡೋಗ್ಬೇಕು ಅಂತ ಒಂದಾಸೆ."

ಗೆದ್ದ ಜೋಡಿಯ ಕೊಂಬಿನ ತುದಿಗೆ ಬೆಳ್ಳಿಯ ಕಳಸ ಹಾಕುವುದು ಆ ಊರಿನ ಪದ್ಧತಿ. ಬಸರಾಳಿನವನು ಇದನ್ನು ಕೇಳಿಸಿಕೊಂಡ.

ಓಟಕ್ಕೆ ಮುಂಚೆ ಯಜಮಾನರು ತಟ್ಟೆ ಹಿಡಿದು ಎರಡೂ ಗಾಡಿಗೆ ಪೂಜೆ ಮಾಡುತ್ತಾ ಬಂದರು. ನೊಗಕ್ಕೆ, ಚಕ್ರಕ್ಕೆ, ಎತ್ತಿನ ಹಣೆಗೆ ಅರಿಶಿನ ಕುಂಕುಮ. ನಾನು ಅದೇ ಹೊತ್ತಿಗೆ ಕಡೆಯ ಓಟದ ಕಾರ್ಡನ್ನು ಡಬ್ಬಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಕ್ಯಾಮೆರಾದ ಬಾಗಿಲು ತೆರೆಯುತ್ತಿದ್ದೆ.

"ಎಲ್ಲಾ ಇದ್ರೊಳಗೇ ತಾನೇ ಬಂದು ಕೂತ್ಕೊಳದು?" ಎಂದರು ಯಜಮಾನರು.

"ಹೌದು ಯಜಮಾನ್ರೇ."

ನನ್ನ ಮಾತು ಮುಗಿಯುವ ಮೊದಲೇ ಅವರ ಒದ್ದೆ ಹೆಬ್ಬೆರಳು ಕಾರ್ಡಿನ ಮೇಲಿತ್ತು. ಕಾರ್ಡಿಗೆ ಮುಖ ಯಾವುದು, ಬೆನ್ನು ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು. ಚಿನ್ನದ ಬಣ್ಣದ ಪಟ್ಟಿಗಳು ಸಾಲಾಗಿ ಕಂಡವು. ಹಣೆಯೆಂದರೆ ಇದೇ ಎಂದು ಅಲ್ಲೇ ಅರಿಶಿನವಿಟ್ಟು ಅದರ ಮೇಲೆ ಕುಂಕುಮ ಒತ್ತಿದರು. ಆಯುಧಪೂಜೆಯಲ್ಲಿ ನಮ್ಮಮ್ಮ ಕ್ಯಾಮೆರಾದ ಕಣ್ಣಿಗೇ ಗಂಧ ಹಚ್ಚಿದವಳು, ಅಪ್ಪ ಒಂದು ಮಾತೂ ಆಡದೆ ಒರೆಸಿಕೊಂಡವರು. ನಾನೂ ಮಾತಾಡದೆ ಸೆರಗಿನಲ್ಲಿ ಒರೆಸಿಕೊಂಡೆ. ಮೊದಲ ಕಾರ್ಡಿನಲ್ಲಿ ಹೆಚ್ಚು ಜಾಗ ಉಳಿದಿರಲಿಲ್ಲ, ಮಿಕ್ಕವೆಲ್ಲ ತೆನೆ ತೆಗೆಯುವ ಕಾರ್ಡುಗಳು. ಪಟ್ಟಿಗಳು ಕಣ್ಣಿಗೆ ಚೊಕ್ಕಟವಾಗಿಯೇ ಕಂಡವು. ಒಳಗೆ ಹಾಕಿ ಎರಡು ಚಿತ್ರ ತೆಗೆದು ನೋಡಿದೆ, ಚೆನ್ನಾಗಿ ಬಂದವು. ಅಷ್ಟರಲ್ಲಿ ಬಾವುಟ ಬಿತ್ತು.

ದೂರದಲ್ಲಿ ಧೂಳು ಎದ್ದಿತು. ಆಮೇಲೆ ಗಾಲಿಯ ಸದ್ದು. ಎರಡು ಜೋಡಿಯೂ ಒಂದೇ ಸಮ ಬರುತ್ತಿದ್ದವು. ದೊಡ್ಡಪ್ಪ ಬಗ್ಗಿ ಮಾರನಿಗೆ ಏನೋ ಹೇಳುತ್ತಿದ್ದರು. ನಾನು ಒತ್ತಿ ಹಿಡಿದೆ. ಕ್ಯಾಮೆರಾ ಟಕಟಕ ಎನ್ನುತ್ತಾ ಹೋಗಿ, ಗೆರೆಯ ಹತ್ತಿರ ಬಂದಾಗ ನಿಂತುಬಿಟ್ಟಿತು. ಗಾಡಿಗಳು ನನ್ನನ್ನು ದಾಟಿ ಹೋದವು. ಕಾರ್ಡಿಗೆ ಬರೆಯುವಾಗ ಹತ್ತುವ ಹಿಂಬದಿಯ ಕೆಂಪು ದೀಪ ಬೇಗ ಆರಲಿಲ್ಲ. ಪರದೆಯಲ್ಲಿ ಬರಹ ಬಂತು: ಕಾರ್ಡನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?

ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಅಪ್ಪನ ಹೆಸರಿನ ಮೇಲೆ ಕರೆಸಿಕೊಂಡು, ತೆಗೆಯಬೇಕಾಗಿದ್ದ ಒಂದೇ ಒಂದು ಚಿತ್ರ.

ಎರಡೂ ಕಡೆಯವರು ಮಂಚವನ್ನು ಮುತ್ತಿಕೊಂಡರು. ಅಲ್ಲೊಬ್ಬ ಫೋನು ತೋರಿಸಿ ಮಾರ ಎಂದ, ಇಲ್ಲೊಬ್ಬ ಫೋನು ತೋರಿಸಿ ಬಸರಾಳು ಎಂದ. ಫೋನುಗಳಲ್ಲಿ ಇದ್ದದ್ದು ಬರೀ ಧೂಳು.

"ಅದೇನೋ ಕೇಳ್ತಾ ಅದಲ್ಲಕ್ಕ, ಸರಿ ಅಂತ ಒತ್ತು, ಬತ್ತದೆ," ಎಂದು ಹಿಂದಿನಿಂದ ಯಾರೋ ಕೈ ಚಾಚಿದರು. ಆ ಕೈಯನ್ನು ತಳ್ಳಿದೆ. ಹಾಗೆ ಒತ್ತಿದ್ದರೆ ಇದ್ದಬದ್ದದ್ದೂ ಹೋಗುತ್ತಿತ್ತು. ಕಾರ್ಡು ತೆಗೆದು ಉಜ್ಜಿ ಮತ್ತೆ ಹಾಕೋಣ ಎಂದು ನನ್ನ ಕೈಯೂ ತುರಿಸಿತು. ಆದರೆ ಕೆಟ್ಟ ಕಾರ್ಡಿನ ಮೇಲೆ ಕ್ಯಾಮೆರಾ ಇನ್ನೊಂದು ಅಕ್ಷರ ಬರೆದರೂ ಬೇಕಾದ್ದರ ಮೇಲೇ ಬರೆದೀತು. ದೀಪ ಆರುವವರೆಗೆ ಕಾದು, ಕ್ಯಾಮೆರಾ ಆರಿಸಿ, ಕಾರ್ಡು ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

"ಇಲ್ಲಿ ತೋರ್ಸಕ್ಕಾಗಲ್ಲ ಯಜಮಾನ್ರೇ. ಕಾರ್ಡು ಕೆಟ್ಟಿದೆ. ಸ್ಟುಡಿಯೋಗೆ ಹೋಗಿ ತೆಗೀಬೇಕು."

ಗುಂಪಿನಲ್ಲಿ ಗುಸುಗುಸು ಶುರುವಾಯಿತು. ಮದ್ದೂರಿಗೆ ಹೋದ ಮೇಲೆ ಯಾರ ಕಡೆ ಬೇಕಾದರೂ ತಿರುಗಿಸಬಹುದು ಎಂದು ಒಬ್ಬ ಜೋರಾಗಿಯೇ ಅಂದ. ಸಿಟ್ಟು ಬಂತು, ನುಂಗಿಕೊಂಡೆ. ಅವನ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ.

"ಇಬ್ಬರೂ ನನ್ನ ಜೊತೆ ಬನ್ನಿ," ಎಂದೆ ದೊಡ್ಡಪ್ಪನಿಗೂ ಬಸರಾಳಿನವನಿಗೂ. "ಡಬ್ಬಿ ನಿಮ್ಮ ಕೈಯಲ್ಲೇ ಇರಲಿ. ನಾನು ಮಾಡೋದನ್ನ ಪಕ್ಕದಲ್ಲೇ ಕೂತು ನೋಡಿ."

ನನ್ನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಡಬ್ಬಿ ದೊಡ್ಡಪ್ಪನ ಮುಷ್ಟಿಯಲ್ಲಿತ್ತು. ದಾರಿಯಲ್ಲಿ ಅವರು ಒಂದೇ ಮಾತು ಕೇಳಿದರು: "ಇದು ರೀಲಿನ ಡಬ್ಬಿ ಅಲ್ವವ್ವಾ?" ಹೌದೆಂದೆ. "ಎಷ್ಟ್ ಕಾಲ ಆಯ್ತು ಇದ್ನ ನೋಡಿ," ಎಂದು ಮುಷ್ಟಿ ಬಿಡಿಸಿ ನೋಡಿಕೊಂಡರು.

ನಮ್ಮ ಕಂಪ್ಯೂಟರು ಇರುವುದು ಅಪ್ಪ ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆಯಲ್ಲಿ. ಕೆಂಪು ಬಲ್ಬು ಇನ್ನೂ ಅಲ್ಲೇ ಇದೆ, ಪ್ರಿಂಟು ಒಣಗಿಸಲು ಕಟ್ಟಿದ ದಾರ ಇನ್ನೂ ಅಲ್ಲೇ ಇದೆ, ಬಿಚ್ಚಲು ಮನಸ್ಸು ಬಂದಿಲ್ಲ. ಇಬ್ಬರಿಗೂ ಸ್ಟೂಲು ಹಾಕಿ ಕೂರಿಸಿ ಭೂತಗನ್ನಡಿ ತಗೊಂಡೆ. ಸೆರಗು ಒರೆಸಿದ್ದು ಮೇಲುಮೇಲಕ್ಕೆ ಅಷ್ಟೆ. ಪಟ್ಟಿಗಳ ನಡುವಿನ ಸಂದಿಯಲ್ಲಿ ಅರಿಶಿನ ಅಂಟಾಗಿ ಕೂತಿತ್ತು, ಅದರ ಮೇಲೆ ಕುಂಕುಮದ ಹುಡಿ. ಕ್ಯಾಮೆರಾ ಬಿಸಿಯಾಗಿ ಆ ಅಂಟು ಸರಿದಾಗ ಸಂಪರ್ಕ ತಪ್ಪಿರಬೇಕು.

ಮೊದಲು ಕಾರ್ಡಿನ ಪಕ್ಕದ ಪುಟ್ಟ ಕೀಲನ್ನು ಕೆಳಗೆ ಸರಿಸಿದೆ. ಹಾಗೆ ಮಾಡಿದರೆ ಅದರ ಮೇಲೆ ಹೊಸದೇನನ್ನೂ ಬರೆಯಲಾಗುವುದಿಲ್ಲ. ಆಮೇಲೆ ಒಣ ಬ್ರಷ್ಷಿನಿಂದ ಹುಡಿ ಉದುರಿಸಿದೆ. ಒದ್ದೆ ಮಾಡುವ ಮುಂಚೆ ಒಣಗಿದ್ದನ್ನು ತೆಗೆಯದಿದ್ದರೆ ಎಲ್ಲ ಕೆಸರಾಗುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಒಂದು ಹನಿ ಸ್ಪಿರಿಟ್ ಹಾಕಿ, ಪಟ್ಟಿಯ ಉದ್ದಕ್ಕೇ ಒಂದೇ ದಿಕ್ಕಿನಲ್ಲಿ ಎಳೆದೆ. ಹತ್ತಿ ಹಳದಿಯಾಯಿತು. ಹೊಸ ಕಡ್ಡಿ. ಮತ್ತೆ ಹಳದಿ. ಹತ್ತಿ ಬೆಳ್ಳಗೇ ಉಳಿಯುವವರೆಗೂ ಹಾಗೆ ಮಾಡಿ, ಕೊನೆಗೆ ಬಿಳಿ ರಬ್ಬರಿನಿಂದ ಹಗುರವಾಗಿ ಸವರಿ ಫ್ಯಾನಿನ ಕೆಳಗೆ ಆರಲು ಇಟ್ಟೆ.

"ಮೊಗೀನ್ ಕಿವಿ ತೊಳ್ದಂಗೆ ತೊಳೀತೀಯಲ್ಲವ್ವ," ಎಂದರು ದೊಡ್ಡಪ್ಪ.

ಕಾರ್ಡು ಕಂಪ್ಯೂಟರಿಗೆ ಕಾಣಿಸಿಕೊಂಡಿತು. ಆದರೆ ಒಳಗಿನ ಚಿತ್ರಗಳನ್ನು ನೇರವಾಗಿ ತೆರೆಯಲಿಲ್ಲ. ಇಡೀ ಕಾರ್ಡನ್ನು, ಖಾಲಿ ಜಾಗವೂ ಸೇರಿ, ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿಕೊಂಡು, ಕಾರ್ಡನ್ನು ಮತ್ತೆ ಡಬ್ಬಿಗೆ ಹಾಕಿ ಬಸರಾಳಿನವನ ಕೈಗೆ ಕೊಟ್ಟೆ. ಇನ್ನು ಏನು ಹುಡುಕಿದರೂ ನಕಲಿನಲ್ಲೇ. ಅದಕ್ಕೆಂದೇ ಇರುವ ತಂತ್ರಾಂಶ ಹಚ್ಚಿದೆ. ಅದು ಇರುವೆಯಂತೆ ಸಾಗಿತು.

ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಟೀ ತರಿಸಿದೆ. ದೊಡ್ಡಪ್ಪ ಹೊರಗಿನ ಕೋಣೆಯಲ್ಲಿ ಅಡ್ಡಾಡಿ, ಮೆಟ್ಟಿಲು, ಹೂಕುಂಡ, ದೂರದಲ್ಲಿ ಅರಮನೆ ಬರೆದಿರುವ ಹಳೇ ಪರದೆಯ ಮುಂದೆ ನಿಂತರು.

"ಇದ್ರ ಮುಂದೇನೇ ನಿಂತಿದ್ದು, ಮದ್ವೆ ಆದ್ಮೇಲೆ ನಾನೂ ನಮ್ಮನೆಯವಳೂವೆ. ಅಲ್ಲಾಡ್ಬೇಡಿ ಅಂದ್ರು ನಿಮ್ಮಪ್ಪ. ಅಂಗೇ ಉಸ್ರು ಬಿಗಿ ಹಿಡ್ದು ನಿಂತಿದ್ವಿ. ಆಯ್ತು ಬುಡಿ ಅಂದ್ಮೇಲೂ ಅವಳು ಉಸ್ರು ಬುಡ್ಲಿಲ್ಲ." ಅವರು ನಕ್ಕರು. "ಪೋಟೊಕ್ಕೆ ವಾರ ಕಾಯ್ಬೇಕಾಗಿತ್ತು. ಬಸ್ಸಿಳ್ದು ಓಡ್ಬಂದ್ವಿ ನೋಡಕ್ಕೆ."

ನನಗೆ ಆ ವಾರಗಳು ನೆನಪಾದವು. ಹಾಳಾಗಿದೆಯೋ ಚೆನ್ನಾಗಿದೆಯೋ ಫಿಲಂ ತೊಳೆಯುವವರೆಗೆ ಅಪ್ಪನಿಗೇ ಗೊತ್ತಿರುತ್ತಿರಲಿಲ್ಲ. ತೊಟ್ಟಿಯಲ್ಲಿ ಕಾಗದ ಅಲ್ಲಾಡಿಸುತ್ತಾ, ಮುಖ ಮೂಡುವುದನ್ನು ಕಾಯುತ್ತಾ, ಅವರು ಮಾತು ನಿಲ್ಲಿಸಿಬಿಡುತ್ತಿದ್ದರು. ನಾನು ಅವರ ಅಂಗಿ ಹಿಡಿದು ನಿಂತಿರುತ್ತಿದ್ದೆ. ಅದೇ ಕೋಣೆಯಲ್ಲಿ ಅದೇ ಕಾಯುವಿಕೆ ಎಷ್ಟೋ ವರ್ಷದ ಮೇಲೆ ಆವತ್ತು ಮತ್ತೆ ಸಿಕ್ಕಿತು. ಭಯದ ನಡುವೆಯೂ ಅಪ್ಪ ಪಕ್ಕದಲ್ಲಿದ್ದಾರೆ ಅನ್ನಿಸಿತು.

ಚಿತ್ರಗಳು ಒಂದೊಂದಾಗಿ ಬರತೊಡಗಿದವು. ದೂರದ ಧೂಳು. ನೊಗ. ಹತ್ತಿರ, ಇನ್ನೂ ಹತ್ತಿರ. ಗೆರೆಗೆ ಒಂದು ಮಾರು ಇರುವಾಗಿನದು ಪೂರ್ತಿ ಬಂದಿತ್ತು. ಅದರ ನಂತರದ್ದೇ ನಮಗೆ ಬೇಕಾಗಿದ್ದು. ಅದೂ ಬಂತು, ಅರ್ಧ. ಮೇಲಿನ ಅರ್ಧದಲ್ಲಿ ನಾಲ್ಕೂ ಎತ್ತುಗಳ ತಲೆ, ಕೊಂಬು, ಬಗ್ಗಿದ ಹೆಗಲು, ದೊಡ್ಡಪ್ಪನ ತೆರೆದ ಬಾಯಿ, ಎಲ್ಲ ಸ್ಪಷ್ಟವಾಗಿತ್ತು. ಎದೆಯಿಂದ ಕೆಳಗೆ ಬೂದು ಬಣ್ಣ. ಕಾಲಿಲ್ಲ, ಗೆರೆಯಿಲ್ಲ. ಆಮೇಲೆ ಚಿತ್ರವೇ ಇಲ್ಲ. ಬರೆಯುತ್ತಿದ್ದಾಗಲೇ ಕಾರ್ಡು ಕೈಕೊಟ್ಟಿತ್ತು.

ಮೂವರೂ ಪರದೆ ನೋಡುತ್ತಾ ಕೂತೆವು. ಹಿಂದಿನ ಚಿತ್ರದಲ್ಲಿ ಬಸರಾಳಿನ ಹೋರಿ ಕೂದಲೆಳೆಯಷ್ಟು ಮುಂದಿದ್ದಂತಿತ್ತು, ಆದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎತ್ತು ಒಂದು ಮಾರಿನಷ್ಟು ಹಾರಿಬಿಡುತ್ತದೆ. ಯಾರ ಹೆಸರು ಹೇಳಿದರೂ ಆ ಊರು ನಂಬುತ್ತಿತ್ತು. ಅಪ್ಪನ ಮಗಳು ಹೇಳಿದ್ದಲ್ಲವೇ. ಮಾರನ ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು.

"ನನಗೆ ಗೊತ್ತಾಗ್ತಿಲ್ಲ," ಎಂದೆ. "ಈ ಚಿತ್ರ ನೋಡಿ ಯಾರು ಗೆದ್ರು ಅಂತ ಹೇಳಕ್ಕಾಗಲ್ಲ. ಸಮಿತಿಯವರಿಗೂ ಹಾಗೇ ಹೇಳ್ತೀನಿ. ಇಬ್ಬರೂ ನನ್ನನ್ನ ಬೈಕೊಳ್ಳಿ."

ಇಂಥ ಹೊತ್ತಿನಲ್ಲಿ ಮತ್ತೆ ಓಡಿಸುವುದು ನಿಯಮ. ಯಜಮಾನರಿಗೆ ಫೋನು ಮಾಡಿದಾಗ ಅವರೂ ಅದನ್ನೇ ಹೇಳಿದರು, ನಾಳೆ ಬೆಳಗ್ಗೆ ಇನ್ನೊಂದು ಸಲ ಓಡಿಸಿ ಎಂದರು. ದೊಡ್ಡಪ್ಪ ತಲೆಯಾಡಿಸಿದರು.

"ಆಗಕ್ಕಿಲ್ಲ. ಅವುನ್ ಕಿವೀಲಿ ಮಾತು ಕೊಟ್ಟಿವ್ನಿ. ಕಳಸ ಅವ್ರಿಗೇ ಕೊಟ್ಬುಡಿ."

"ನಿಮಗೇನಾದ್ರೂ ಕಾಣಿಸ್ತಾ ದೊಡ್ಡಪ್ಪ, ಗೆರೆ ಹತ್ರ?"

"ನಾ ಗೆರೆ ಎಲ್ ನೋಡ್ದೆ. ನಾ ಮಾರನ್ ಕಿವಿ ನೋಡ್ತಿದ್ದೆ."

ಅವರು ಎದ್ದು ಹೆಗಲ ಮೇಲಿನ ಟವೆಲ್ ಕೊಡವಿಕೊಂಡರು. ಬಸರಾಳಿನವನು ಏಳಲಿಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕೂತಿದ್ದ.

"ಕೂತ್ಕೋ ಮಾವ," ಎಂದ. "ನಾ ನೋಡ್ದೆ. ಮಾರನ ಕಾಲು ಮೊದ್ಲು ಬಿತ್ತು. ಆಮೇಲೆ ನಮ್ಮವು."



"ಮೊದ್ಲೇ ಯೋಳಕ್ಕೇನ್ಲಾ ಆಗಿತ್ತು ನಿಂಗೆ?" ಎಂದರು ದೊಡ್ಡಪ್ಪ.

"ಪೋಟೊದಲ್ಲಿ ನಮ್ದೇ ಅಂತ ಬಂದ್ಬುಟ್ರೆ ಸುಮ್ಕಿರುವಾ ಅನ್ಕಂಡಿದ್ದೆ. ನಿಮ್ದು ಅಂತ ಬಂದ್ರೂ ಸುಮ್ಕಿರ್ತಿದ್ದೆ. ಏನೂ ಬರ್ಲಿಲ್ವಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕನೂ ಗೊತ್ತಿಲ್ಲ ಅಂದ್ಬುಟ್ರು. ಗೊತ್ತಿರೋನು ನಾನೊಬ್ನೇ ಆಗೋದ್ನಲ್ಲ, ಇನ್ನೆಂಗೆ ಬಾಯ್ ಮುಚ್ಕೊಂಡಿರ್ಲಿ," ಎಂದ.

ಒಂದು ಗಳಿಗೆ ನನಗೆ ಅವನ ಬೆನ್ನಿಗೊಂದು ಗುದ್ದಬೇಕು ಅನ್ನಿಸಿತು. ಮಧ್ಯಾಹ್ನವೆಲ್ಲ ಹತ್ತಿ ಕಡ್ಡಿ ಹಿಡಿದು ಒದ್ದಾಡಿದವಳು ನಾನು, ಉತ್ತರವೋ ಪಕ್ಕದ ಸ್ಟೂಲಿನ ಮೇಲೆ ಟೀ ಕುಡಿಯುತ್ತಾ ಕೂತಿತ್ತು. ಮರುಗಳಿಗೆ ಎಷ್ಟು ಹಗುರವಾಯಿತೆಂದರೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಫೋನು ಹಚ್ಚಿ ಯಜಮಾನರಿಗೆ ಅವನೇ ಹೇಳಿದ. ನಾವು ಊರಿಗೆ ವಾಪಸಾದ ಮೇಲೆ, ಸಂಜೆಯ ಬಿಸಿಲು ಇರುವಾಗಲೇ ಮಾರನ ಕೊಂಬಿಗೆ ಕಳಸ ಹಾಕಿದರು, ಮೂಗುದಾರ ಹಿಡಿದುಕೊಂಡು ನಿಂತದ್ದು ಬಸರಾಳಿನವನು. ಆ ಚಿತ್ರವನ್ನು ನಾನು ತೆನೆ ತೆಗೆಯುವ ಕಾರ್ಡಿನಲ್ಲಿ, ಅಪ್ಪನ ಹಾಗೆ, ಒಂದೇ ಸಲ ಒತ್ತಿ ತೆಗೆದೆ.

ಆ ಓಟದ ನಂತರ ಎರಡು ಕಾರ್ಡು ಹಿಡಿಯುವ ಕ್ಯಾಮೆರಾ ಕೊಂಡೆ. ಒಂದು ಚಿತ್ರ ಎರಡರಲ್ಲೂ ಕೂರುತ್ತದೆ. ಪೂಜೆಯ ತಟ್ಟೆ ಕಂಡರೆ ಮುಚ್ಚಳ ಹಾಕಿದ ಡಬ್ಬಿಯನ್ನೇ ಮುಂದೆ ಹಿಡಿಯುತ್ತೇನೆ. ಡಬ್ಬಿಗೆ ಎಷ್ಟು ಕುಂಕುಮ ಹಚ್ಚಿದರೂ ಚಿಂತೆಯಿಲ್ಲ.

ಸ್ವಲ್ಪ ದಿನ ಬಿಟ್ಟು ದೊಡ್ಡಪ್ಪ ಬಸ್ಸಿಳಿದು ಸ್ಟುಡಿಯೋಗೆ ಬಂದರು. ಕಳಸ ಹಾಕಿದ ಚಿತ್ರವನ್ನು ದೊಡ್ಡದಾಗಿ ಮಾಡಿಟ್ಟಿದ್ದೆ. ನೋಡಿ ಸಂತೋಷಪಟ್ಟು ಪಕ್ಕಕ್ಕಿಟ್ಟರು. ಅವರಿಗೆ ಬೇಕಾಗಿದ್ದು ಆ ಅರ್ಧ ಚಿತ್ರ.

"ಕೆಳಗಿನ ಬೂದು ಬಣ್ಣ ಕತ್ತರಿಸಿ ಕೊಡ್ತೀನಿ ದೊಡ್ಡಪ್ಪ, ಚೆನ್ನಾಗಿ ಕಾಣುತ್ತೆ," ಎಂದೆ.

"ಬ್ಯಾಡ, ಇರ್ಲಿ ಬುಡು." ಅವರು ಪರದೆಯ ಮೇಲೆ, ಮಾರನ ಎದೆಯ ಕೆಳಗೆ, ಬೆರಳಿಟ್ಟರು. "ನೆಲವೇ ಇಲ್ಲ ನೋಡವ್ವ. ಮಾರ ಓಡ್ವಾಗ ಗಾಡಿ ಮೇಲೆ ಕುಂತಿದ್ರೆ ನಂಗೂ ಇಂಗೇ ಅನ್ನುಸ್ತಿತ್ತು."